ಗೆರೆ ಹೇಳುವುದೆಷ್ಟು: ರಸಾಯನಶಾಸ್ತ್ರ ಅಣುವನ್ನು ಬರೆಯಲು ಕಲಿತ ಬಗೆ

ಮೀಥೇನ್ ಅಣುವನ್ನು ಬರೆಯುವುದು ಪ್ರೌಢಶಾಲೆಯ ಯಾವ ವಿದ್ಯಾರ್ಥಿಗೂ ಗೊತ್ತು. ನಡುವೆ ಕಾರ್ಬನ್ನಿನ ಅಕ್ಷರ, ನಾಲ್ಕು ದಿಕ್ಕಿಗೆ ನಾಲ್ಕು ಗೆರೆ, ಪ್ರತಿ ಗೆರೆಯ ತುದಿಗೂ ಒಂದು ಹೈಡ್ರೋಜನ್. ಆದರೆ ಆ ಅಣುವಿನೊಳಗೆ ಗೆರೆಯೆಂಬುದು ಎಲ್ಲಿಯೂ ಇಲ್ಲ. ಅಲ್ಲಿರುವುದು ಐದು ನ್ಯೂಕ್ಲಿಯಸ್‌ಗಳು ಮತ್ತು ಅವುಗಳ ಸುತ್ತ ಹರಡಿಕೊಂಡಿರುವ ಹತ್ತು ಎಲೆಕ್ಟ್ರಾನ್‌ಗಳು. ಇಂಥ ಎಲೆಕ್ಟ್ರಾನ್ ಇಂಥ ಗೆರೆಗೆ ಸೇರಿದ್ದು ಎಂದು ಬೊಟ್ಟು ಮಾಡಿ ತೋರಿಸಲು ಕ್ವಾಂಟಂ ಸಿದ್ಧಾಂತ ಬಿಡುವುದಿಲ್ಲ. ಹಾಗಿದ್ದೂ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ರಸಾಯನಶಾಸ್ತ್ರಜ್ಞರು ಗೆರೆಯನ್ನೇ ಎಳೆಯುತ್ತಿದ್ದಾರೆ. ಬಣ್ಣ, ಔಷಧಿ, ಪ್ಲಾಸ್ಟಿಕ್ಕುಗಳನ್ನು ಆ ಗೆರೆಗಳ ಬಲದಿಂದಲೇ ಯೋಚಿಸಿ ತಯಾರಿಸಿದ್ದಾರೆ. ಇಲ್ಲದ ಗೆರೆ ಇಷ್ಟು ಕೆಲಸ ಮಾಡಿದ್ದು ಹೇಗೆ? ಅಣುವಿನ ಬರವಣಿಗೆಯ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಉತ್ತರ ಸಿಗುತ್ತದೆ. ಗೆರೆ ಎಂದೂ ಅಣುವಿನ ಭಾವಚಿತ್ರವಾಗಿರಲಿಲ್ಲ. ಪ್ರಯೋಗಗಳು ಅಲ್ಲಿಯವರೆಗೆ ಖಚಿತಪಡಿಸಿದ್ದನ್ನು ಬರೆದಿಟ್ಟುಕೊಳ್ಳುವ ಲೆಕ್ಕ ಅದು. ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಅಕ್ಕಿಯ ಚಿತ್ರವಿರುವುದಿಲ್ಲ, ಆದರೂ ಎಷ್ಟು ಬಂತು ಎಷ್ಟು ಹೋಯಿತು ಎಂಬುದನ್ನು ಅದು ತಪ್ಪದೆ ಹೇಳುತ್ತದೆ. ಗೆರೆಯ ಬಲವೂ ಮಿತಿಯೂ ಅಂಥದೇ. ಲೆಕ್ಕವೆಂದು ನೆನಪಿಟ್ಟವರನ್ನು ಗೆರೆ ಮುಂದಕ್ಕೆ ಕರೆದೊಯ್ದಿದೆ, ಚಿತ್ರವೆಂದು ನಂಬಿದವರನ್ನು ದಾರಿ ತಪ್ಪಿಸಿದೆ.

ಮೊದಲಿಗೆ ಇದ್ದದ್ದು ಎಣಿಕೆ ಮಾತ್ರ. 1808ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜಾನ್ ಡಾಲ್ಟನ್ ಒಂದೊಂದು ಧಾತುವಿಗೆ ಒಂದೊಂದು ಬಗೆಯ ವೃತ್ತವನ್ನು ಗುರುತಾಗಿ ಕೊಟ್ಟ. ವೃತ್ತಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಂಯುಕ್ತವಾಯಿತು. ನೀರಿಗೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಎಂಬುದು ಅವನ ಲೆಕ್ಕ. ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ವೃತ್ತಗಳನ್ನು ತೆಗೆದುಹಾಕಿ ಧಾತುಗಳ ಲ್ಯಾಟಿನ್ ಹೆಸರಿನ ಮೊದಲಕ್ಷರಗಳನ್ನು ತಂದ. ಡಾಲ್ಟನ್‌ಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ಅಚ್ಚಿನ ಮನೆಗೆ ಅನುಕೂಲವಾದ ಅಕ್ಷರಗಳೇ ಉಳಿದವು. ಆದರೆ ಅಕ್ಷರಗಳ ಜೊತೆಗೆ ಬರೆಯುವ ಸಂಖ್ಯೆಗಳ ವಿಷಯದಲ್ಲಿ ಒಮ್ಮತವಿರಲಿಲ್ಲ. ಒಬ್ಬೊಬ್ಬರು ಒಂದೊಂದು ಪರಮಾಣು ತೂಕವನ್ನು ಬಳಸುತ್ತಿದ್ದುದರಿಂದ ಗೊಂದಲ ಎಷ್ಟಿತ್ತೆಂದರೆ, ಅಸಿಟಿಕ್ ಆಮ್ಲವೊಂದಕ್ಕೇ ಚಲಾವಣೆಯಲ್ಲಿದ್ದ 19 ಸೂತ್ರಗಳನ್ನು ಆಗಸ್ಟ್ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿ ತೋರಿಸಿದ. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ಸಮ್ಮೇಳನದಲ್ಲಿ ಇಟಲಿಯ ಕನ್ನಿಜ್ಜಾರೊ ಪರಮಾಣು ತೂಕಗಳ ಲೆಕ್ಕವನ್ನು ಬಿಡಿಸಿಟ್ಟ ಮೇಲೆ ಈ ಗೊಂದಲ ತಿಳಿಯಾಗತೊಡಗಿತು. ಬಂಧದ ವಿಷಯವನ್ನು ಎತ್ತುವ ಮೊದಲು ಎಣಿಕೆ ಸರಿಯಾಗಬೇಕಿತ್ತು. ರಚನಾಸೂತ್ರಗಳು ಬೇರೂರಿದ್ದು 1860ರ ದಶಕದಲ್ಲಿಯೇ ಎಂಬುದಕ್ಕೆ ಇದೂ ಒಂದು ಕಾರಣ.

ಎಣಿಕೆ ಸರಿಯಾದರೂ ಅದೊಂದೇ ಸಾಲದೆಂಬುದು ಅದಕ್ಕೂ ಮೊದಲೇ ಗೊತ್ತಾಗಿತ್ತು. 1820ರ ದಶಕದಲ್ಲಿ ಲೀಬಿಗ್ ಪರೀಕ್ಷಿಸಿದ ಬೆಳ್ಳಿಯ ಫಲ್ಮಿನೇಟ್ ಮತ್ತು ವೋಲರ್ ಪರೀಕ್ಷಿಸಿದ ಬೆಳ್ಳಿಯ ಸಯನೇಟ್ ಎರಡರಲ್ಲೂ ಅವವೇ ಧಾತುಗಳು ಅದದೇ ಪ್ರಮಾಣದಲ್ಲಿದ್ದವು. ಮೊದಲನೆಯದು ಮುಟ್ಟಿದರೆ ಸಿಡಿಯುವಂಥದು, ಎರಡನೆಯದು ಹಾಗಲ್ಲ. ಇಂಥವನ್ನು ಸಮಾಂಗಿಗಳೆಂದು ಗುರುತಿಸಿ 1830ರಲ್ಲಿ ಹೆಸರಿಟ್ಟವನು ಬರ್ಜೀಲಿಯಸ್. ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಎಂಬ ಒಂದೇ ಎಣಿಕೆಗೆ ಎಥನಾಲ್ ಇದೆ, ಡೈಮೀಥೈಲ್ ಈಥರ್ ಇದೆ. ಮೊದಲನೆಯದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ, ಎರಡನೆಯದು ಕೋಣೆಯ ಉಷ್ಣತೆಯಲ್ಲಿ ಅನಿಲ. ಒಂದರಲ್ಲಿ ಆಕ್ಸಿಜನ್ ಒಂದು ಕಾರ್ಬನ್ನಿಗೂ ಒಂದು ಹೈಡ್ರೋಜನ್ನಿಗೂ ಅಂಟಿಕೊಂಡಿದೆ, ಇನ್ನೊಂದರಲ್ಲಿ ಎರಡು ಕಾರ್ಬನ್ನುಗಳ ನಡುವೆ ನಿಂತಿದೆ. ಯಾವುದು ಎಷ್ಟಿದೆ ಎಂಬುದರ ಜೊತೆಗೆ ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನೂ ಬರೆಯಲೇಬೇಕಾಯಿತು. ಗೆರೆ ಹುಟ್ಟಿದ್ದು ಈ ಒತ್ತಾಯದಿಂದ. ಅಣುವಿನ ಒಳರೂಪವನ್ನು ಕಲ್ಪಿಸಿಕೊಳ್ಳುವ ಆಸೆಗೆ ಅದರಲ್ಲಿ ಪಾಲು ಕಡಿಮೆ.

1852ರಲ್ಲಿ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಪ್ರತಿ ಧಾತುವಿಗೂ ಗೊತ್ತಾದಷ್ಟೇ ಸೇರುವ ಶಕ್ತಿಯಿದೆಯೆಂದು ಹೇಳಿದ. 1858ರಲ್ಲಿ ಕೆಕುಲೆಯೂ ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಸ್ಕಾಟ್ ಕೂಪರನೂ ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು: ಕಾರ್ಬನ್ನಿಗೆ ನಾಲ್ಕು ಕೈ, ಮತ್ತು ಕಾರ್ಬನ್ನುಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾಗಬಲ್ಲವು. ಅಕ್ಷರಗಳ ನಡುವೆ ಗೆರೆ ಎಳೆದು ಇದನ್ನು ತೋರಿಸಿದವನು ಕೂಪರ್. ಪ್ಯಾರಿಸ್ಸಿನಲ್ಲಿ ಅವನ ಪ್ರಬಂಧ ಮಂಡನೆಯಾಗುವುದು ತಡವಾಗಿ ಕೆಕುಲೆಯ ಪ್ರಬಂಧ ಮೊದಲು ಹೊರಬಂತು. ಆಮೇಲೆ ಕಾಯಿಲೆಬಿದ್ದ ಕೂಪರ್ ಸಂಶೋಧನೆಗೆ ಮರಳಲೇ ಇಲ್ಲ. ರಸಾಯನಶಾಸ್ತ್ರ ಅವನಿಗೆ ಸಲ್ಲಬೇಕಾದ ಗೌರವವನ್ನು ಬಹಳ ತಡವಾಗಿ ಸಲ್ಲಿಸಿತು. 1861ರಲ್ಲಿ ರಷ್ಯದ ಬುಟ್ಲೆರೊವ್, ಒಂದು ಸಂಯುಕ್ತದ ಗುಣವೆಲ್ಲ ಅದರ ರಾಸಾಯನಿಕ ರಚನೆಯಲ್ಲಿದೆ, ಆ ರಚನೆಯನ್ನು ಪ್ರಯೋಗದಿಂದ ತಿಳಿಯಬಹುದು ಎಂದು ಸಾರಿದ. ಅದೇ ವರ್ಷ ಎಡಿನ್‌ಬರೋದ ಅಲೆಕ್ಸಾಂಡರ್ ಕ್ರಮ್ ಬ್ರೌನ್ ಅಕ್ಷರಗಳಿಗೆ ವೃತ್ತ ಸುತ್ತಿ ಅವುಗಳನ್ನು ಗೆರೆಗಳಿಂದ ಸೇರಿಸಿ ಬರೆದ. 1864ರ ಪ್ರಬಂಧದಲ್ಲಿ ಆ ಪದ್ಧತಿಯನ್ನು ಸಮಾಂಗಿಗಳಿಗೆ ವ್ಯವಸ್ಥಿತವಾಗಿ ಬಳಸಿದ. ಅಲ್ಲಿ ಅವನು ಕೊಟ್ಟ ಎಚ್ಚರಿಕೆ ಈ ಚರಿತ್ರೆಗೇ ಬೀಗದ ಕೈ. ತನ್ನ ಸೂತ್ರಗಳು ಪರಮಾಣುಗಳ ಭೌತಿಕ ಸ್ಥಾನವನ್ನು ಸೂಚಿಸುವುದಿಲ್ಲ, ಅವುಗಳ ರಾಸಾಯನಿಕ ಸಂಬಂಧವನ್ನಷ್ಟೇ ಸೂಚಿಸುತ್ತವೆ ಎಂದು ಅವನು ಸ್ಪಷ್ಟಪಡಿಸಿದ. 1866ರ ತನ್ನ ಪಠ್ಯಪುಸ್ತಕದಲ್ಲಿ ಈ ಬರವಣಿಗೆಯನ್ನು ವಿದ್ಯಾರ್ಥಿಗಳಿಗೆ ತಲುಪಿಸಿ, ಗೆರೆಗೆ ಬಂಧವೆಂಬ ಹೆಸರನ್ನು ರೂಢಿಗೆ ತಂದ ಫ್ರಾಂಕ್‌ಲ್ಯಾಂಡ್ ಕೂಡ ಇದೇ ಎಚ್ಚರಿಕೆಯನ್ನು ಹೇಳಿದ. ಗೆರೆಯನ್ನು ಹುಟ್ಟುಹಾಕಿದವರೇ ಅದರ ಮಿತಿಯನ್ನು ಮೊದಲ ದಿನದಿಂದ ಬಲ್ಲವರಾಗಿದ್ದರು.

ಆಗಲೂ ಆಕ್ಷೇಪಗಳು ಬಂದವು, ಅವು ಹಗುರವಾದವುಗಳಲ್ಲ. ಪರಮಾಣುವನ್ನು ಯಾರೂ ಕಂಡಿಲ್ಲ. ಕಾಣದ ವಸ್ತುಗಳ ನಡುವೆ ಕಾಣದ ಗೆರೆ ಎಳೆಯುವುದು ವಿಜ್ಞಾನವೆನಿಸೀತೇ ಎಂದು ಕೇಳಿದವರಿದ್ದರು. ಆಕ್ಸ್‌ಫರ್ಡಿನ ಬೆಂಜಮಿನ್ ಬ್ರಾಡಿ 1866ರಲ್ಲಿ ಪರಮಾಣುಗಳ ಮಾತೇ ಇಲ್ಲದ ಬೀಜಗಣಿತದ ಪದ್ಧತಿಯೊಂದನ್ನು ಮುಂದಿಟ್ಟ. ಅದು ತರ್ಕಕ್ಕೆ ಬಿಗಿಯಾಗಿತ್ತು, ಆದರೆ ಪ್ರಯೋಗಾಲಯಕ್ಕೆ ಹೊಸ ಪ್ರಶ್ನೆಯನ್ನೇ ಕೊಡಲಿಲ್ಲ. ಗೆರೆ ಕೊಟ್ಟಿತು. ಗೆರೆಗಳ ನಿಯಮ ಪಾಲಿಸಿ ಒಂದು ಎಣಿಕೆಗೆ ಎಷ್ಟು ರಚನೆ ಬರೆಯಬಹುದೋ ಅಷ್ಟೇ ಸಮಾಂಗಿಗಳು ಸಿಗಬೇಕು, ಒಂದು ಹೆಚ್ಚಲ್ಲ ಒಂದು ಕಡಿಮೆಯಲ್ಲ. ಇದನ್ನು ಪರೀಕ್ಷಿಸಬಹುದು. 1865ರಲ್ಲಿ ಕೆಕುಲೆ ಬೆಂಜೀನಿನ ಆರು ಕಾರ್ಬನ್ನುಗಳನ್ನು ಉಂಗುರವಾಗಿ ಜೋಡಿಸಿದ ಮೇಲೆ, ಇಟಲಿಯಲ್ಲಿ ಕೆಲಸ ಮಾಡುತ್ತಿದ್ದ ವಿಲ್ಹೆಲ್ಮ್ ಕೋರ್ನರ್ ಈ ಎಣಿಕೆಯನ್ನು 1874ರಲ್ಲಿ ಒಂದು ಸೊಗಸಾದ ಸಾಧನವನ್ನಾಗಿ ಮಾಡಿದ. ಉಂಗುರಕ್ಕೆ ಎರಡು ಬ್ರೋಮೀನ್ ಸೇರಿದರೆ ಮೂರು ಸಮಾಂಗಿಗಳು ಬರಬೇಕು. ಅವುಗಳಿಗೆ ಮೂರನೆಯ ಬ್ರೋಮೀನ್ ಸೇರಿಸಿದಾಗ ಪಕ್ಕಪಕ್ಕದಲ್ಲಿದ್ದದ್ದು ಎರಡು ಸಂಯುಕ್ತಗಳನ್ನು, ಒಂದು ಬಿಟ್ಟು ಒಂದರಲ್ಲಿದ್ದದ್ದು ಮೂರನ್ನು, ಎದುರುಬದುರಾಗಿದ್ದದ್ದು ಒಂದನ್ನು ಕೊಡಬೇಕು. ಹೊಸ ಸಂಯುಕ್ತಗಳನ್ನು ಎಣಿಸಿದರೆ ಹಳೆಯದರ ರಚನೆ ತಿಳಿಯುತ್ತದೆ. ಕಣ್ಣಿಗೆ ಕಾಣದ್ದರ ಬಗ್ಗೆ ಹೀಗೆ ಕಟ್ಟುನಿಟ್ಟಾಗಿ ತೀರ್ಪು ಕೊಡಬಲ್ಲ ಬರವಣಿಗೆಯನ್ನು ಬರೀ ಕಲ್ಪನೆಯೆಂದು ತಳ್ಳಿಹಾಕಲಾಗದು.

ಆ ಉಂಗುರವೇ ಗೆರೆಯ ಮಿತಿಯನ್ನೂ ಬಯಲಿಗೆ ತಂದಿತು. ಕಾರ್ಬನ್ನಿನ ನಾಲ್ಕು ಕೈಗಳ ಲೆಕ್ಕ ಸರಿಹೋಗಲು ಉಂಗುರದಲ್ಲಿ ಒಂದು ಗೆರೆ, ಎರಡು ಗೆರೆ, ಒಂದು ಗೆರೆ, ಎರಡು ಗೆರೆ ಎಂದು ಬದಲಿಸಿ ಬದಲಿಸಿ ಹಾಕಬೇಕಾಯಿತು. ಹಾಗಾದರೆ ಪಕ್ಕಪಕ್ಕದ ಎರಡು ಕಾರ್ಬನ್ನುಗಳಿಗೆ ಏನಾದರೂ ಸೇರಿಸಿದಾಗ ಎರಡು ಬಗೆಯ ಸಂಯುಕ್ತಗಳು ಬರಬೇಕು: ಅವುಗಳ ನಡುವೆ ಒಂದು ಗೆರೆಯಿರುವುದು, ಎರಡು ಗೆರೆಯಿರುವುದು. ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ ಬಗೆ. ಲೆಕ್ಕ ತಾಳೆಯಾಗದಾಗ 1872ರಲ್ಲಿ ಕೆಕುಲೆ, ಎರಡು ರೂಪಗಳೂ ಬಿಡದೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಿರುತ್ತವೆ ಎಂಬ ವಿವರಣೆ ಕೊಟ್ಟ. ಆ ವಿವರಣೆ ನಿಲ್ಲಲಿಲ್ಲ. ಆದರೆ ಬೆಂಜೀನಿನಲ್ಲಿ ಮಾಮೂಲಿ ಗೆರೆಗಳಿಗೆ ಸಿಗದ ಏನೋ ಇದೆ ಎಂಬುದು ಅವತ್ತಿನಿಂದ ಖಚಿತವಾಯಿತು. ಗೆರೆಯ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇದ್ದುದರಿಂದಲೇ ಅದರ ತಪ್ಪು ಕೂಡ ಅಷ್ಟು ಸ್ಪಷ್ಟವಾಗಿ ಕಂಡಿತು.

ಇದೇ ಹೊತ್ತಿಗೆ ಕಾಗದವನ್ನೇ ಮೀರಬೇಕಾದ ಸಂದರ್ಭ ಬಂತು. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹೋಫ್ಮನ್ ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಚುಚ್ಚಿ ಅಣುಗಳ ಮಾದರಿ ಮಾಡಿ ತೋರಿಸಿದ್ದ. ಕಾರ್ಬನ್ನಿಗೆ ಕಪ್ಪು, ಹೈಡ್ರೋಜನ್ನಿಗೆ ಬಿಳಿ, ಆಕ್ಸಿಜನ್ನಿಗೆ ಕೆಂಪು, ನೈಟ್ರೋಜನ್ನಿಗೆ ನೀಲಿ ಎಂಬ ಇಂದಿನ ರೂಢಿ ಆ ಚೆಂಡುಗಳಿಂದ ಬಂದದ್ದು. ಆದರೆ ಅವನ ಮೀಥೇನ್ ಚಪ್ಪಟೆಯಾಗಿತ್ತು. ಹಾಗೆ ಚಪ್ಪಟೆಯಾಗಿದ್ದರೆ ಎರಡು ಕ್ಲೋರೀನ್ ಸೇರಿದ ಮೀಥೇನಿಗೆ ಎರಡು ಸಮಾಂಗಿಗಳಿರಬೇಕು, ಇರುವುದು ಒಂದೇ. ಇನ್ನೊಂದು ಕಡೆ, 1848ರಲ್ಲಿ ಪ್ಯಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಬೇರ್ಪಡಿಸಿ, ಧ್ರುವೀಕೃತ ಬೆಳಕನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಎರಡು ಬಗೆಗಳನ್ನು ತೋರಿಸಿದ್ದ. ಚಪ್ಪಟೆ ಸೂತ್ರದಲ್ಲಿ ಆ ಎರಡಕ್ಕೆ ಜಾಗವೇ ಇರಲಿಲ್ಲ. 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್, ಕಾರ್ಬನ್ನಿನ ನಾಲ್ಕು ಕೈಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿವೆ ಎಂದು ಬೇರೆಬೇರೆಯಾಗಿ ಹೇಳಿ ಎರಡು ತೊಡಕುಗಳನ್ನೂ ಒಟ್ಟಿಗೆ ಬಿಡಿಸಿದರು. ಲೈಪ್‌ಜಿಗ್ಗಿನ ಹಿರಿಯ ಹರ್ಮನ್ ಕೋಲ್ಬೆ 1877ರಲ್ಲಿ ಇದನ್ನು ಕಟುವಾಗಿ ಖಂಡಿಸಿ, ಆಗ ವಾಂಟ್ ಹಾಫ್ ಉಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿದ್ದುದನ್ನೂ ಎತ್ತಿ ಆಡಿದ. ಕೋಲ್ಬೆ ದೊಡ್ಡ ಪ್ರಯೋಗಶೀಲ. ಕಾಣದ್ದನ್ನು ಕಂಡಂತೆ ಬರೆಯಬಾರದೆಂಬ ಅವನ ಕಾಳಜಿಯಲ್ಲಿ ಸತ್ಯವಿತ್ತು. ಆದರೆ ಚತುರ್ಮುಖಿಯ ಹಿಂದೆ ಸಮಾಂಗಿಗಳ ಎಣಿಕೆಯ ಸಾಕ್ಷ್ಯವಿತ್ತೆಂಬುದನ್ನು ಅವನು ತೂಗಿ ನೋಡಲಿಲ್ಲ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ವಾಂಟ್ ಹಾಫ್‌ಗೆ ಬಂತು; ಅದಕ್ಕೆ ಕಾರಣವಾದದ್ದು ಅವನ ಬೇರೆ ಕೆಲಸ. ಚತುರ್ಮುಖಿಗೆ ಎದುರಿಲ್ಲದ ಸಾಕ್ಷ್ಯ ಒದಗಿದ್ದು 1913ರಲ್ಲಿ, ಬ್ರಾಗ್ ತಂದೆ ಮಗ ಎಕ್ಸ್-ಕಿರಣಗಳಿಂದ ವಜ್ರದ ಒಳರಚನೆಯನ್ನು ಬಿಡಿಸಿದಾಗ.

ಹಾಗಾದರೆ ಗೆರೆ ನಿಜವಾಗಿಯೂ ಚಿತ್ರವೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಯಿತು, ಆದರೆ ಸಾಕ್ಷ್ಯವಿದ್ದಷ್ಟು ಮಟ್ಟಿಗೆ ಮಾತ್ರ. ಎಮಿಲ್ ಫಿಶರ್‌ನ ಕೆಲಸ ಈ ವ್ಯತ್ಯಾಸಕ್ಕೆ ಮಾದರಿ. ಗ್ಲೂಕೋಸಿನಂಥ ಆರು ಕಾರ್ಬನ್ನಿನ ಸಕ್ಕರೆಯಲ್ಲಿ ಎಡಬಲಗಳ ಭೇದವಿರುವ ಕಾರ್ಬನ್ನುಗಳು ನಾಲ್ಕು. ಆದ್ದರಿಂದ ಹದಿನಾರು ರೂಪಗಳು ಸಾಧ್ಯ. 1891ರಲ್ಲಿ ಫಿಶರ್ ಅವುಗಳಲ್ಲಿ ಗ್ಲೂಕೋಸ್ ಯಾವುದೆಂದು ತರ್ಕದಿಂದಲೂ ಪ್ರಯೋಗದಿಂದಲೂ ಗೊತ್ತುಮಾಡಿದ. ಆದರೆ ಒಂದು ರೂಪವೋ ಅದರ ಕನ್ನಡಿಬಿಂಬವೋ ಎಂಬುದನ್ನು ತೀರ್ಮಾನಿಸುವ ಸಾಧನ ಆ ಕಾಲದಲ್ಲಿರಲಿಲ್ಲ. ಫಿಶರ್ ಎರಡರಲ್ಲೊಂದನ್ನು ಬರವಣಿಗೆಯ ಅನುಕೂಲಕ್ಕಾಗಿ ಆರಿಸಿಕೊಂಡ. ಅರವತ್ತು ವರ್ಷಗಳ ಮೇಲೆ, 1951ರಲ್ಲಿ, ನೆದರ್ಲೆಂಡ್ಸಿನ ಬೈಫೂಟ್ ಮತ್ತು ಸಂಗಡಿಗರು ಟಾರ್ಟಾರಿಕ್ ಆಮ್ಲದ ಲವಣವೊಂದನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ ಆ ಆಯ್ಕೆ ಸರಿಯೆಂದು ತಿಳಿಯಿತು. ಸರಿಯಾಗಿ ಬಂದದ್ದು ಅದೃಷ್ಟ. ತನ್ನ ಸೂತ್ರದಲ್ಲಿ ಸಾಬೀತಾದದ್ದು ಯಾವುದು, ಒಪ್ಪಂದಕ್ಕಾಗಿ ಬರೆದದ್ದು ಯಾವುದು ಎಂಬುದನ್ನು ಬೆರೆಸದೆ ಇಟ್ಟುಕೊಂಡದ್ದು ಫಿಶರ್‌ನ ವಿವೇಕ.

ಗೆರೆ ಏನನ್ನು ಸೂಚಿಸುತ್ತದೆ ಎಂಬುದಕ್ಕೆ 19ನೇ ಶತಮಾನದಲ್ಲಿ ಉತ್ತರವೇ ಇರಲಿಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಉತ್ತರಕ್ಕೆ ದಾರಿ ತೆರೆಯಿತು. 1902ರಲ್ಲಿ ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದ ಗಿಲ್ಬರ್ಟ್ ಲೂಯಿಸ್ ತನ್ನ ಟಿಪ್ಪಣಿಯಲ್ಲಿ ಪರಮಾಣುಗಳನ್ನು ಘನಾಕೃತಿಗಳಾಗಿ ಬರೆದು, ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಕೂರಿಸಿದ. 1904ರಲ್ಲಿ ರಿಚರ್ಡ್ ಅಬೆಗ್ ಧಾತುಗಳ ವೇಲೆನ್ಸಿಗಳಲ್ಲಿ ಎಂಟರ ಲೆಕ್ಕವನ್ನು ಎತ್ತಿ ತೋರಿಸಿದ. 1916ರಲ್ಲಿ ಲೂಯಿಸ್ ಪ್ರಕಟಿಸಿದ ಪ್ರಬಂಧ ಬಂಧವೊಂದು ಎರಡು ಪರಮಾಣುಗಳು ಹಂಚಿಕೊಂಡ ಒಂದು ಜೊತೆ ಎಲೆಕ್ಟ್ರಾನ್ ಎಂದು ಹೇಳಿತು. ಗೆರೆಯ ಜಾಗದಲ್ಲಿ ಎರಡು ಚುಕ್ಕಿಗಳು ಬಂದವು. ಲೂಯಿಸನ ದೊಡ್ಡತನ ಅವನು ಬಿಟ್ಟುಕೊಟ್ಟದ್ದರಲ್ಲಿಯೂ ಇದೆ. ಎರಡು ಘನಗಳು ಒಂದು ಅಂಚನ್ನು ಹಂಚಿಕೊಂಡರೆ ಒಂದು ಬಂಧ, ಒಂದು ಮುಖವನ್ನು ಹಂಚಿಕೊಂಡರೆ ಎರಡು. ಮೂರು ಬಂಧಗಳನ್ನು ಘನದಿಂದ ತೋರಿಸಲು ಸಾಧ್ಯವೇ ಇಲ್ಲ. ಹಾಗಾಗಿ ಅದೇ ಪ್ರಬಂಧದಲ್ಲಿ ಅವನು ಘನವನ್ನು ಬಿಟ್ಟು, ಜೊತೆಗಳು ಚತುರ್ಮುಖಿಯ ಮೂಲೆಗಳಲ್ಲಿವೆ ಎಂಬ ಕಲ್ಪನೆಗೆ ಹೊರಳಿದ. ಚಿತ್ರ ಹೋಯಿತು, ಎಲೆಕ್ಟ್ರಾನ್ ಜೊತೆಯ ಲೆಕ್ಕ ಉಳಿಯಿತು. 1919ರಿಂದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಉಪನ್ಯಾಸಗಳಿಂದಲೂ ಬರಹಗಳಿಂದಲೂ ಅದನ್ನು ಎಲ್ಲೆಡೆ ಹಬ್ಬಿಸಿದ. ಸಹವೇಲೆನ್ಸೀಯ ಎಂಬ ಹೆಸರೂ ಅಷ್ಟಕ ಎಂಬ ಮಾತೂ ಅವನಿಂದ ಬಳಕೆಗೆ ಬಂದವು.

ಭೌತವಿಜ್ಞಾನಿಗಳಿಗೆ ಈ ಚುಕ್ಕಿಗಳು ಒಪ್ಪಿಗೆಯಾಗಲಿಲ್ಲ. ಋಣ ಆವೇಶವಿರುವ ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡಬೇಕು, ಜೊತೆಯಾಗಿ ಕೂರುವುದು ಹೇಗೆ? ನೀಲ್ಸ್ ಬೋರ್‌ನ ಪರಮಾಣುವಿನಲ್ಲಿ ಸದಾ ಸುತ್ತುತ್ತಿರುವ ಎಲೆಕ್ಟ್ರಾನ್‌ಗಳು ಲೂಯಿಸನ ಕಾಗದದ ಮೇಲೆ ನಿಶ್ಚಲವಾಗಿ ನಿಲ್ಲುವುದು ಹೇಗೆ? ಲೂಯಿಸನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಅವನ ಬಳಿ ಇದ್ದದ್ದು ಸಾವಿರಾರು ಸಂಯುಕ್ತಗಳ ಸಾಕ್ಷ್ಯ: ಎಲೆಕ್ಟ್ರಾನ್‌ಗಳನ್ನು ಎಣಿಸಿದರೆ ಬಹುಪಾಲು ಅಣುಗಳಲ್ಲಿ ಸಮಸಂಖ್ಯೆಯೇ ಬರುತ್ತದೆ. 1925ರಲ್ಲಿ ಪೌಲಿ, ಎಲೆಕ್ಟ್ರಾನಿನ ಒಂದು ನೆಲೆಯಲ್ಲಿ, ಎಂದರೆ ಒಂದು ಕಕ್ಷಕದಲ್ಲಿ, ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳು ಇರಲಾರವು ಎಂಬ ತತ್ತ್ವವನ್ನು ಮಂಡಿಸಿದ. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಹೈಡ್ರೋಜನ್ ಅಣುವಿಗೆ ಕ್ವಾಂಟಂ ಸಿದ್ಧಾಂತವನ್ನು ಅನ್ವಯಿಸಿ, ವಿರುದ್ಧ ಸ್ಪಿನ್ನಿನ ಎರಡು ಎಲೆಕ್ಟ್ರಾನ್‌ಗಳು ಎರಡು ನ್ಯೂಕ್ಲಿಯಸ್‌ಗಳನ್ನು ಹೇಗೆ ಹಿಡಿದಿಡುತ್ತವೆಂದು ತೋರಿಸಿದರು. ಹನ್ನೊಂದು ವರ್ಷ ಮೊದಲೇ ರಸಾಯನಶಾಸ್ತ್ರ ಬರೆದಿಟ್ಟಿದ್ದ ಜೊತೆಗೆ ಆಗ ಕಾರಣ ಸಿಕ್ಕಿತು.

ಲೈನಸ್ ಪಾಲಿಂಗ್ ಈ ಕಾರಣವನ್ನು ರಸಾಯನಶಾಸ್ತ್ರಜ್ಞರ ನಿತ್ಯದ ಭಾಷೆಗೆ ತಂದ. 1931ರಿಂದ ಬರೆದ ಪ್ರಬಂಧಗಳಲ್ಲಿ, 1939ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಚತುರ್ಮುಖಿ ಕಾರ್ಬನ್ನಿಗೆ ಕಕ್ಷಕಗಳ ಮಿಶ್ರಣದ ವಿವರಣೆ ಕೊಟ್ಟ. ಬೆಂಜೀನಿನ ಹಳೆಯ ತೊಡಕಿಗೆ ಅವನ ಉತ್ತರ ಅನುರಣನ: ನಿಜವಾದ ಅಣು ಒಂದೇ, ಗೆರೆಗಳಿಂದ ಅದನ್ನು ಬರೆಯಲು ಒಂದಕ್ಕಿಂತ ಹೆಚ್ಚು ಸೂತ್ರ ಬೇಕು, ಅಣು ಅವುಗಳಲ್ಲಿ ಯಾವುದೂ ಅಲ್ಲ. ಇದಕ್ಕೆ ಅಳತೆಯ ಬೆಂಬಲವಿತ್ತು. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಹೆಕ್ಸಾಮೀಥೈಲ್ ಬೆಂಜೀನಿನ ಹರಳನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿ, ಉಂಗುರ ಚಪ್ಪಟೆಯಾದ ಸಮ ಷಡ್ಭುಜ ಎಂದು ತೋರಿಸಿದ್ದಳು. ಮಿಲಿಮೀಟರಿನ ಕೋಟಿಯಲ್ಲೊಂದು ಭಾಗವಾದ ಆಂಗ್‌ಸ್ಟ್ರಮ್‌ನಲ್ಲಿ ಹೇಳುವುದಾದರೆ, ಕಾರ್ಬನ್ನುಗಳ ನಡುವಿನ ಒಂಟಿ ಬಂಧ 1.54, ಜೋಡಿ ಬಂಧ 1.34, ಬೆಂಜೀನಿನಲ್ಲಿ ಆರೂ ಬಂಧಗಳು 1.39. ಯಾವ ಬಂಧವೂ ಒಂಟಿಯಲ್ಲ, ಯಾವುದೂ ಜೋಡಿಯಲ್ಲ. 1951ರ ಜೂನ್‌ನಲ್ಲಿ ಮಾಸ್ಕೋದಲ್ಲಿ ನಡೆದ ಸಮ್ಮೇಳನ ಅನುರಣನವನ್ನು ಭಾವವಾದವೆಂದು ಖಂಡಿಸಿ, ಬುಟ್ಲೆರೊವನ ಒಂದು ಅಣುವಿಗೆ ಒಂದೇ ರಚನೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ರಾಜಕೀಯದ ಒತ್ತಡದಿಂದ ವಿಜ್ಞಾನಿಗಳನ್ನು ತಲೆಬಾಗಿಸಿದ ಆ ಪ್ರಸಂಗವನ್ನು ಸಮರ್ಥಿಸಲಾಗದು. ಆದರೆ ಇಲ್ಲದ ರಚನೆಗಳನ್ನು ಇವೆಯೆಂದು ಭ್ರಮಿಸಬಾರದೆಂಬ ಒಂದು ಮಾತು ಅದರಲ್ಲಿ ಸರಿಯಾದದ್ದಿತ್ತು. ಪಾಲಿಂಗ್ ಕೂಡ ಅದನ್ನೇ ಹೇಳುತ್ತಿದ್ದ. ಇಂದಿಗೂ ಬೆಂಜೀನ್ ಎರಡು ರೂಪಗಳ ನಡುವೆ ಓಡಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳಿದ್ದಾರೆ. ತಪ್ಪು ಸಿದ್ಧಾಂತದ್ದಲ್ಲ, ಲೆಕ್ಕವನ್ನು ಚಿತ್ರವೆಂದು ಕಲಿಸಿದ್ದರದ್ದು.

ಲೂಯಿಸನ ಚುಕ್ಕಿಗಳು ಎಡವುವ ಪ್ರಸಿದ್ಧ ಸ್ಥಳ ನಾವು ಉಸಿರಾಡುವ ಆಕ್ಸಿಜನ್. ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೂ ಇರುವ ಅದರ ಚುಕ್ಕಿ ರಚನೆಯಲ್ಲಿ ಎರಡು ಪರಮಾಣುಗಳು ಎರಡು ಜೊತೆಗಳನ್ನು ಹಂಚಿಕೊಂಡಿರುತ್ತವೆ, ಒಂಟಿ ಎಲೆಕ್ಟ್ರಾನ್ ಒಂದೂ ಇರುವುದಿಲ್ಲ. ಎಲ್ಲ ಎಲೆಕ್ಟ್ರಾನ್‌ಗಳೂ ಜೊತೆಗೂಡಿದ ವಸ್ತುವನ್ನು ಕಾಂತ ಸೆಳೆಯುವುದಿಲ್ಲ. ಆದರೆ 1891ರಲ್ಲಿಯೇ ಜೇಮ್ಸ್ ಡ್ಯೂವರ್ ದ್ರವ ಆಕ್ಸಿಜನ್ ಕಾಂತದ ಧ್ರುವಗಳತ್ತ ಜಿಗಿದು ಅಂಟಿಕೊಳ್ಳುವುದನ್ನು ತೋರಿಸಿದ್ದ. ಈ ತೊಡಕು ಲೂಯಿಸನಿಗೂ ತಿಳಿದಿತ್ತು. ಇದನ್ನು ಬಿಡಿಸಿದ್ದು ಹುಂಡ್ ಮತ್ತು ಮಲಿಕನ್ ಬೆಳೆಸಿದ, ಎಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಸೇರಿದವು ಎಂದು ಹೊರಡುವ ಅಣುಕಕ್ಷಕ ಸಿದ್ಧಾಂತ. 1929ರಲ್ಲಿ ಲೆನಾರ್ಡ್-ಜೋನ್ಸ್ ಅದನ್ನು ಬಳಸಿ, ಆಕ್ಸಿಜನ್ನಿನ ಕೊನೆಯ ಎರಡು ಎಲೆಕ್ಟ್ರಾನ್‌ಗಳು ಸಮಶಕ್ತಿಯ ಎರಡು ಕಕ್ಷಕಗಳಲ್ಲಿ ಒಂದೊಂದಾಗಿ ನಿಲ್ಲುತ್ತವೆ ಎಂದು ವಿವರಿಸಿದ. ಅಲ್ಲಿಯೂ ಬಂಧಗಳ ಲೆಕ್ಕ ಎರಡೇ ಬರುತ್ತದೆ. ಚುಕ್ಕಿಗಳು ಬಂಧಗಳ ಸಂಖ್ಯೆಯನ್ನು ಸರಿಯಾಗಿಯೇ ಹೇಳಿದ್ದವು. ಎಲೆಕ್ಟ್ರಾನ್‌ಗಳ ಇರವನ್ನು ಹೇಳುವಾಗ ತಪ್ಪಿದವು.

ಡೈಬೋರೇನಿನ ಕತೆ ಇನ್ನೂ ಸ್ವಾರಸ್ಯವಾದದ್ದು. ಎರಡು ಬೋರಾನ್, ಆರು ಹೈಡ್ರೋಜನ್ ಇರುವ ಈ ಅನಿಲವನ್ನು ಈಥೇನಿನಂತೆ ಬರೆಯಲು ಏಳು ಬಂಧ, ಎಂದರೆ ಹದಿನಾಲ್ಕು ಎಲೆಕ್ಟ್ರಾನ್ ಬೇಕು. ಇರುವುದು ಹನ್ನೆರಡು. ಲೆಕ್ಕ ಎರಡು ಎಲೆಕ್ಟ್ರಾನ್‌ಗಳಷ್ಟು ಕಡಿಮೆ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಎಲ್ಲರೂ ಲೂಯಿಸನ ರೀತಿಯಲ್ಲೇ ಎಣಿಸುತ್ತಿದ್ದರು. 1943ರಲ್ಲಿ ಆಕ್ಸ್‌ಫರ್ಡಿನಲ್ಲಿ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ ಲಾಂಗೆಟ್-ಹಿಗಿನ್ಸ್ ತನ್ನ ಅಧ್ಯಾಪಕ ಬೆಲ್ ಜೊತೆ ಬರೆದ ಪ್ರಬಂಧದಲ್ಲಿ, ಎರಡು ಹೈಡ್ರೋಜನ್‌ಗಳು ಎರಡು ಬೋರಾನ್‌ಗಳ ನಡುವೆ ಸೇತುವೆಯಾಗಿವೆ ಎಂದು ವಾದಿಸಿದ. 1951ರ ಎಲೆಕ್ಟ್ರಾನ್ ವಿವರ್ತನೆಯ ಅಳತೆಗಳು ಅದನ್ನು ದೃಢಪಡಿಸಿದವು. ಹೊರಗಿನ ನಾಲ್ಕು ಬಂಧಗಳಿಗೆ ಎಂಟು ಎಲೆಕ್ಟ್ರಾನ್, ಎರಡು ಸೇತುವೆಗಳಿಗೆ ನಾಲ್ಕು. ಒಂದೊಂದು ಸೇತುವೆಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಮೂರು ಪರಮಾಣುಗಳನ್ನು ಹಿಡಿದಿವೆ. ಈ ಬಗೆಯ ಬಂಧವನ್ನು ವಿಸ್ತರಿಸಿ ಬೋರೇನ್‌ಗಳ ರಚನೆಯನ್ನು ಬಿಡಿಸಿದ ವಿಲಿಯಂ ಲಿಪ್ಸ್‌ಕಂಬ್‌ಗೆ 1976ರ ನೊಬೆಲ್ ಬಂತು. ಬೋರಾನ್ ಗುಚ್ಛಗಳ ಎಲೆಕ್ಟ್ರಾನ್‌ಗಳನ್ನು ಎಣಿಸುವ ಕೆಲಸ ಅಲ್ಲಿಂದ ಮುಂದುವರಿದಿದೆ. ಒಂದಕ್ಕೊಂದು ಬೆಸೆದ ಬೋರಾನ್ ಗುಚ್ಛಗಳಿಗೆ ಎಣಿಕೆಯ ನಿಯಮವನ್ನು ಕೊಟ್ಟ ಎಲುವತಿಂಗಲ್ ಜೆಮ್ಮಿಸ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಇಷ್ಟೆಲ್ಲ ತಿಳಿದ ಮೇಲೆ ಗೆರೆಯನ್ನು ಕೈಬಿಟ್ಟು, ಕಂಪ್ಯೂಟರ್ ಲೆಕ್ಕಹಾಕಿ ಕೊಡುವ ಎಲೆಕ್ಟ್ರಾನ್ ಸಾಂದ್ರತೆಯನ್ನೇ ನೋಡಬಾರದೇಕೆ ಎಂಬುದು ಇಂದಿನ ಬಲವಾದ ಆಕ್ಷೇಪ. ಸಾಂದ್ರತೆಯ ನಕ್ಷೆ ಗೆರೆಗಿಂತ ಸತ್ಯಕ್ಕೆ ಹತ್ತಿರ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಒಂದು ಅಣು ಹೇಗಿದೆ ಎನ್ನುತ್ತದೆ. ಇನ್ನೂ ಇಲ್ಲದ ಅಣುವನ್ನು ಯಾವ ದಾರಿಯಿಂದ ಮಾಡಬೇಕು ಎಂದು ಯೋಚಿಸುವವನಿಗೆ ಅದರಿಂದ ಆರಂಭಿಸಲಾಗದು. 1922ರಲ್ಲಿ ಕೆರ್ಮ್ಯಾಕ್ ಮತ್ತು ರಾಬಿನ್ಸನ್ ಎಲೆಕ್ಟ್ರಾನ್ ಜೊತೆಗಳ ಸಂಚಾರವನ್ನು ಬಾಗಿದ ಬಾಣಗಳಿಂದ ತೋರಿಸತೊಡಗಿದ ಮೇಲೆ, ರಾಸಾಯನಿಕ ಕ್ರಿಯೆಯನ್ನು ಹೆಜ್ಜೆಹೆಜ್ಜೆಯಾಗಿ ಬರೆದು ಊಹಿಸುವುದು ಸಾಧ್ಯವಾಯಿತು. ಆ ಬಾಣಕ್ಕೆ ಗೆರೆಯೇ ಆಧಾರ. ಇದಕ್ಕೆ ತದ್ವಿರುದ್ಧವಾದ ಆಕ್ಷೇಪವೂ ಇದೆ: 2009ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯ ಪೆಂಟಾಸೀನಿನ ಐದು ಉಂಗುರಗಳನ್ನು ಸೂಕ್ಷ್ಮ ಸೂಜಿಯಿಂದ ತಡವಿ ಚಿತ್ರಿಸಿದಾಗ ಪಠ್ಯಪುಸ್ತಕದ ಗೆರೆಗಳೇ ಕಂಡವಲ್ಲ, ಇನ್ನೇನು ಬೇಕು? ಪರಮಾಣುಗಳ ಜೋಡಣೆ ನಿಜವೆಂಬುದಕ್ಕೆ ಅದು ಅದ್ಭುತ ಸಾಕ್ಷ್ಯ. ಆದರೆ ಬಂಧವೇ ಇಲ್ಲದ ಪರಮಾಣುಗಳ ನಡುವೆಯೂ ಸೂಜಿಯ ತುದಿ ಬಾಗುವುದರಿಂದ ಅಂಥ ಗೆರೆಗಳು ಮೂಡಬಹುದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಕ್ರಮ್ ಬ್ರೌನ್ ಕೊಟ್ಟ ಎಚ್ಚರಿಕೆ ಸೂಜಿ ತೆಗೆದ ಚಿತ್ರಕ್ಕೂ ಅನ್ವಯಿಸುತ್ತದೆ.

ಗೆರೆ ಎಳೆಯಲು ಎಷ್ಟು ಸಾಕ್ಷ್ಯ ಬೇಕು ಎಂಬ ಪ್ರಶ್ನೆ ಹಳೆಯದಾಗಿಲ್ಲ ಎಂಬುದಕ್ಕೆ ಬೆಂಗಳೂರಿಗೆ ಸಂಬಂಧಿಸಿದ ಪ್ರಸಂಗವೇ ಇದೆ. 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್, ನೀರಿನ ಹೈಡ್ರೋಜನ್ ಎರಡು ಆಕ್ಸಿಜನ್‌ಗಳ ನಡುವೆ ಬಂಧವಾಗಬಲ್ಲದೆಂದು ಬರೆದರು. ಲೂಯಿಸನ ಲೆಕ್ಕದಲ್ಲಿ ಹೈಡ್ರೋಜನ್ನಿಗೆ ಒಂದೇ ಬಂಧ. ಆದ್ದರಿಂದ ಈ ಎರಡನೆಯದನ್ನು ಗೆರೆಯಾಗಿ ಬರೆಯುವಂತಿಲ್ಲ. ಹೈಡ್ರೋಜನ್ ಬಂಧವೆಂದರೆ ಏನು ಎಂಬ ಚರ್ಚೆ ಮುಗಿಯದೆ ಉಳಿದಿತ್ತು. ಅದನ್ನು ಖಚಿತವಾಗಿ ಹೇಳಲು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ನೇಮಿಸಿದ ತಂಡದ ಮುಖ್ಯಸ್ಥರಾಗಿದ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. 2011ರಲ್ಲಿ ಪ್ರಕಟವಾದ ಅವರ ನಿರೂಪಣೆ ಬಂಧಕ್ಕೆ ಒಂದು ಚಿತ್ರವನ್ನು ಕೊಟ್ಟು ಸುಮ್ಮನಾಗಲಿಲ್ಲ. ಬಂಧ ಉಂಟಾಗಿದೆ ಎನ್ನಲು ಸಾಕ್ಷ್ಯವಿರಬೇಕು ಎಂಬುದನ್ನು ನಿರೂಪಣೆಯ ಒಳಗೇ ಸೇರಿಸಿ, ಯಾವ ಯಾವ ಅಳತೆಗಳು ಸಾಕ್ಷ್ಯವಾಗಬಲ್ಲವೆಂದು ಪಟ್ಟಿ ಮಾಡಿತು. ಬರೆಯುವ ಗುರುತಾಗಿ ಉಳಿದದ್ದು ಮೂರು ಚುಕ್ಕಿ.

ಈ ಚರಿತ್ರೆಯನ್ನು ರಸಾಯನಶಾಸ್ತ್ರದ ಪಾಠದಿಂದ ಬೇರೆಯಾಗಿ ಇಡಬಾರದು ಎಂಬುದು ನನ್ನ ಕೋರಿಕೆ. ಚುಕ್ಕಿ ರಚನೆಯನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುವುದು ಸುಲಭ. ಆದರೆ ಹಾಗೆ ಕಲಿತವರು ಪದವಿ ತರಗತಿಗೆ ಬಂದು ಆಕ್ಸಿಜನ್ನಿನ ಕಕ್ಷಕಗಳನ್ನು ನೋಡಿದಾಗ, ಹಿಂದೆ ಕಲಿತದ್ದೆಲ್ಲ ಸುಳ್ಳೆಂದು ಭಾವಿಸುತ್ತಾರೆ. ಅದು ಸುಳ್ಳಲ್ಲ. ಆಕ್ಸಿಜನ್ನಿನ ಚುಕ್ಕಿಗಳ ಜೊತೆಯಲ್ಲೇ ಡ್ಯೂವರನ ಕಾಂತವನ್ನು, ಬೆಂಜೀನಿನ ಷಡ್ಭುಜದ ಜೊತೆಯಲ್ಲೇ 1.39 ಎಂಬ ಅಳತೆಯನ್ನು, ಅಷ್ಟಕ ನಿಯಮದ ಜೊತೆಯಲ್ಲೇ ಡೈಬೋರೇನಿನ ಹನ್ನೆರಡು ಎಲೆಕ್ಟ್ರಾನ್‌ಗಳನ್ನು ಹೇಳಿದರೆ ಪಾಠಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಾವ ಪ್ರಯೋಗ ಆ ಗೆರೆಗೆ ಸಾಕ್ಷಿ, ಆ ಸಾಕ್ಷ್ಯ ಎಲ್ಲಿಗೆ ಮುಗಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಕಲಿತ ವಿದ್ಯಾರ್ಥಿಯನ್ನು ಗೆರೆ ಎಂದಿಗೂ ದಾರಿ ತಪ್ಪಿಸಲಾರದು.